ಕುರಿವಾಸನೆ ತೊಳೆದ ದಿನ

ನನಗೆ ನೀಲಗಿರಿ ಎಣ್ಣೆಯ ವಾಸನೆ ಆಗುವುದಿಲ್ಲ. ನೆಗಡಿಯಾದಾಗ ಯಾರಾದರೂ ಕರವಸ್ತ್ರಕ್ಕೆ ನಾಲ್ಕು ಹನಿ ಹಾಕಿ ಮೂಗಿನ ಹತ್ತಿರ ತಂದರೆ ಎದ್ದು ಆಚೆ ಹೋಗಿಬಿಡುತ್ತೇನೆ. ಮನೆಯವರು ಇದನ್ನು ನನ್ನ ಕೊಬ್ಬು ಎಂದುಕೊಂಡಿದ್ದಾರೆ. ಅಂದುಕೊಳ್ಳಲಿ. ಪ್ರತಿಯೊಂದಕ್ಕೂ ಕಾರಣ ಹೇಳುತ್ತಾ ಕೂರುವ ಸ್ವಭಾವ ನನ್ನದಲ್ಲ. ಆದರೆ ಇದರ ಕಾರಣ ಗೊತ್ತಿದ್ದವರು ಅಪ್ಪ, ಚಿಕ್ಕಪ್ಪ, ನಾನು. ಅವರಿಬ್ಬರೂ ಹೋದರು. ನಾನೂ ಬಾಯಿ ಮುಚ್ಚಿಕೊಂಡೇ ಹೋದರೆ ಆ ನಾಯಿ ಬದುಕಿತ್ತು ಅನ್ನುವುದೂ ಯಾರಿಗೂ ಗೊತ್ತಾಗುವುದಿಲ್ಲ.

ನಮ್ಮೂರು ಹೊಳಲ್ಕೆರೆ ತಾಲ್ಲೂಕಿನದು. ಮನೆ ಮುಂದೆ ನಿಂತರೆ ರಾಮಗಿರಿ ಗುಡ್ಡ ಕಾಣುತ್ತಿತ್ತು. ನಾವು ಕುರಿ ಸಾಕುವವರು. ಮನೆಯೊಳಗೆ ಒಂದು ಮೋಟುಗೋಡೆ. ಗೋಡೆಯ ಈಚೆ ನಾವು, ಆಚೆ ಕುರಿ. ಬಾಗಿಲಿಗೆ ಬಂದವರಿಗೆ ಮೊದಲು ಸಿಗುತ್ತಿದ್ದುದು ವಾಸನೆ, ಆಮೇಲೆ ನಾವು. ಹುಟ್ಟಿದಾಗಿನಿಂದ ಅದರಲ್ಲೇ ಇದ್ದ ನಮಗೆ ಅದು ವಾಸನೆ ಅಂತಲೇ ಅನ್ನಿಸುತ್ತಿರಲಿಲ್ಲ.

ನಾನು ಹೇಳುತ್ತಿರುವುದು ಎಪ್ಪತ್ತರ ದಶಕ ಶುರುವಾಗಿ ಮೂರ್ನಾಲ್ಕು ವರ್ಷವಾಗಿದ್ದಾಗಿನ ಮಾತು. ಅಪ್ಪನಿಗೆ ಮಂಡಿ ಹಿಡಿದುಕೊಂಡು ಕುರಿಯ ಹಿಂದೆ ತಿರುಗುವುದು ಆಗುತ್ತಿರಲಿಲ್ಲ. ಹಿಂಡನ್ನು ಚಿಕ್ಕಪ್ಪ ನೋಡಿಕೊಳ್ಳುತ್ತಿದ್ದ. ಗುಡ್ಡದ ಬುಡದಲ್ಲಿ ಜಾಲಿಮುಳ್ಳಿನ ಬೇಲಿ ಕಟ್ಟಿ ಅಲ್ಲೇ ಮಲಗುತ್ತಿದ್ದ. ಈಯುವ ಕುರಿ, ಎಳೆ ಮರಿ ಮಾತ್ರ ಮನೆಯಲ್ಲಿರುತ್ತಿದ್ದವು. ಅಣ್ಣತಮ್ಮ ಇಬ್ಬರದ್ದೂ ಒಂದೇ ಅಳತೆಯ ಮೈ, ಒಂದೇ ಬಗೆಯ ಕರಿ ಕಂಬಳಿ, ಸೇದುವುದೂ ಒಂದೇ ಬೀಡಿ. ಬೆನ್ನು ಹಾಕಿ ನಿಂತರೆ ಅವ್ವನಿಗೇ ಗುರುತು ತಪ್ಪುತ್ತಿತ್ತು. ತಪ್ಪಿ ಕರೆದು ಆಮೇಲೆ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು.

ನಾಯಿ ಅಪ್ಪನದು. ಅದಕ್ಕೆ ಹೆಸರಿರಲಿಲ್ಲ. ಅಪ್ಪ 'ಲೇ' ಅಂದರೆ ಅದು ಬರುತ್ತಿತ್ತು. ಅವ್ವ ನನ್ನನ್ನು 'ಲೇ' ಎಂದಾಗಲೂ ಬರುತ್ತಿತ್ತು, ಬಂದು ನನ್ನ ಜೊತೆ ಬೈಸಿಕೊಂಡು ಹೋಗುತ್ತಿತ್ತು. ಪ್ರಾಯದಲ್ಲಿ ತೋಳದ ಜೊತೆ ಬಿದ್ದಾಡಿ ಒಂದು ಕಿವಿ ಹರಿಸಿಕೊಂಡಿತ್ತು. ಆ ಸಲ ತೋಳ ಮರಿಯನ್ನು ಬಿಟ್ಟು ಓಡಿತಂತೆ. ನಾನು ಹೇಳುವ ಹೊತ್ತಿಗೆ ಅದು ಮುದಿಯಾಗಿತ್ತು. ಎರಡು ಕಣ್ಣಿಗೂ ಹೂವು ಬಿದ್ದಿತ್ತು, ಕಿವಿ ಪೂರ್ತಿ ಮಂದ. ಹತ್ತಿರ ನಿಂತು ಕೂಗಿದರೂ ತಿರುಗುತ್ತಿರಲಿಲ್ಲ. ಉಳಿದದ್ದು ಮೂಗೊಂದೇ. ಆ ಮೂಗಿನಿಂದಲೇ ಅದು ಸಂಸಾರ ಮಾಡುತ್ತಿತ್ತು. ಕುರಿಯ ಗೋಡೆ ಹಿಡಿದು ಬಂದು ಒಲೆಯ ಹತ್ತಿರ ತಿರುಗಿ, ಬಾನಿಯಲ್ಲಿ ನೀರು ಕುಡಿದು, ಜಗಲಿಯ ಮೇಲೆ ಅಪ್ಪನ ಕಂಬಳಿ ಸಿಕ್ಕಿದ ಕೂಡಲೇ ಅಪ್ಪನ ಪಾದದ ಮೇಲೆ ತಲೆ ಇಟ್ಟು ಮಲಗಿಬಿಡುತ್ತಿತ್ತು. ಅಪ್ಪ ಊಟಕ್ಕೆ ಏಳಬೇಕಾದರೂ ಅದರ ತಲೆಯನ್ನು ಮೆಲ್ಲಗೆ ಎತ್ತಿ ಕಂಬಳಿಯ ಮೇಲಿಟ್ಟು ಏಳುತ್ತಿದ್ದ. ನಮ್ಮನ್ನು ಅಷ್ಟು ಜೋಪಾನವಾಗಿ ಅವನು ಎತ್ತಿದ್ದು ನನಗೆ ನೆನಪಿಲ್ಲ.

ಮೂಗಿನ ವಿಷಯ ಅಪ್ಪನಿಗೆ ಗೊತ್ತಿರಲಿಲ್ಲ ಎಂದಲ್ಲ. ಕುರಿಯವರಿಗೆ ಅದೇ ಮೊದಲ ಪಾಠ. ಕುರಿ ತನ್ನ ಮರಿಯನ್ನು ಮೂಸಿ ಗುರುತು ಹಿಡಿಯುತ್ತದೆ, ಬೇರೆ ವಾಸನೆ ಬಂದರೆ ಹಾಲು ಕುಡಿಸದೆ ಒದೆಯುತ್ತದೆ. ಅದಕ್ಕೇ ಈದ ಮರಿಯನ್ನು ಮುಟ್ಟುವ ಮೊದಲು ಅಪ್ಪ ಎರಡೂ ಕೈಯನ್ನು ತಾಯಿಕುರಿಯ ತುಪ್ಪಟಕ್ಕೆ ತಿಕ್ಕಿಕೊಳ್ಳುತ್ತಿದ್ದ. ಯಾವುದಾದರೂ ಕುರಿಯ ಮರಿ ಸತ್ತು, ಇನ್ನೊಂದು ತಬ್ಬಲಿ ಮರಿ ಇದ್ದರೆ, ಸತ್ತ ಮರಿಯ ಚರ್ಮವನ್ನು ತಬ್ಬಲಿಯ ಬೆನ್ನಿಗೆ ಕಟ್ಟಿ ಬಿಡುತ್ತಿದ್ದ. ತಾಯಿ ಮೂಸಿ ನೋಡಿ ತನ್ನದೇ ಎಂದು ಹಾಲು ಕೊಡುತ್ತಿತ್ತು. ನಾನು ಚಿಕ್ಕವಳಿದ್ದಾಗ ಸೋಪಿನಲ್ಲಿ ಕೈ ತೊಳೆದು ಮರಿ ಎತ್ತಿಕೊಂಡಿದ್ದಕ್ಕೆ ಬೆನ್ನ ಮೇಲೆ ಬಾರಿಸಿದ್ದ. ಇಷ್ಟೆಲ್ಲಾ ಗೊತ್ತಿದ್ದ ಮನುಷ್ಯ ಅವನು.

ನನಗೆ ಗಂಡು ನೋಡುತ್ತಿದ್ದರು. ಮೊದಲು ಬಂದವರು ಹೊಸದುರ್ಗದ ಕಡೆಯವರು. ಆ ಗಂಡಿನ ತಾಯಿ ಹೊಸಿಲು ದಾಟಿದ್ದೇ ಸೆರಗನ್ನು ಮೂಗಿಗೆ ಹಿಡಿದಳು. ಕೂತಷ್ಟು ಹೊತ್ತೂ ಹಿಡಿದೇ ಇದ್ದಳು. ಅವ್ವ ಕೊಟ್ಟ ಹಾಲನ್ನು ಪಕ್ಕಕ್ಕೆ ಇಟ್ಟು, "ಹಾಲೂ ಕುರಿ ವಾಸ್ನೆ ಹೊಡೀತೈತೆ" ಎಂದು ತನ್ನ ತಂಗಿಗೆ ಹೇಳಿದಳು. ಮೆಲ್ಲಗೆ ಹೇಳಿದ್ದರೂ ಎಲ್ಲರಿಗೂ ಕೇಳಿಸಿತು. ಆ ಹೆಂಗಸಿನ ಮೂಗು ಕೊಯ್ಯಬೇಕು ಅನ್ನಿಸಿತ್ತು ನನಗೆ.  ಅವರು ಹೋದ ಮೇಲೆ ಅವ್ವ ಆ ಹಾಲನ್ನು ನಾಯಿಗೆ ಹಾಕಿ, ಹಿತ್ತಲಿಗೆ ಹೋಗಿ ಬಹಳ ಹೊತ್ತು ಕೂತಿದ್ದಳು. ಅವ್ವ ಆಮೇಲೆ ಮಾಡಿದ್ದಕ್ಕೆಲ್ಲ ಆ ಹಾಲಿನ ಲೋಟವೇ ಕಾರಣ. ಅದಕ್ಕೇ ನನಗೆ ಅವಳ ಮೇಲೆ ಪೂರ್ತಿ ಸಿಟ್ಟು ಮಾಡಿಕೊಳ್ಳಲು ಯಾವತ್ತೂ ಆಗಲಿಲ್ಲ.

ಎರಡನೆಯದು ಚಿತ್ರದುರ್ಗದ ಸಂಬಂಧ. ತಂದವಳು ಹಿರಿಯೂರಿಗೆ ಕೊಟ್ಟಿದ್ದ ಅವ್ವನ ತಂಗಿ, ನನ್ನ ಚಿಕ್ಕಮ್ಮ. ಹುಡುಗ ಸರ್ಕಾರಿ ಆಫೀಸಿನಲ್ಲಿ ಗುಮಾಸ್ತ. ನಮ್ಮ ಪೈಕಿಯವರೇ, ಅಜ್ಜನ ಕಾಲದಲ್ಲೇ ಕುರಿ ಬಿಟ್ಟು ಪೇಟೆ ಸೇರಿದವರು. ಚಿಕ್ಕಮ್ಮ ನೋಡುವ ಶಾಸ್ತ್ರಕ್ಕೆ ಮುಂಚೆಯೇ ಬಂದಳು, ಚೀಲ ತುಂಬಾ ಸಾಮಾನು ಹೊತ್ತುಕೊಂಡು. ಫಿನಾಯಿಲ್, ಸಾಂಬ್ರಾಣಿ, ಊದುಬತ್ತಿ, ನುಸಿಗುಳಿಗೆ, ಗುಲಾಬಿ ಬಣ್ಣದ ವಾಸನೆ ಸೋಪು, ಔಷಧಿ ಸೀಸೆಯಲ್ಲಿ ನೀಲಗಿರಿ ಎಣ್ಣೆ. ಒಂದೊಂದನ್ನೇ ತೆಗೆದು ನಡುಮನೆಯಲ್ಲಿ ಜೋಡಿಸಿಟ್ಟಳು.

"ಅಕ್ಕಾ, ನಿಂಗೆ ಗೊತ್ತಾಗಲ್ಲ. ಬಸ್ ಸ್ಟ್ಯಾಂಡಿಂದ್ಲೇ ನಿಮ್ಮನೆ ವಾಸ್ನೆ ಹಿಡ್ಕಂಡು ಬರಬಹುದು" ಅಂದಳು.

ಜಗಲಿಯ ಮೇಲಿದ್ದ ಅಪ್ಪ, "ಕುರಿ ಮನೇಲಿ ಕುರಿ ವಾಸ್ನೆ ಇಲ್ದೆ ಮಲ್ಲಿಗೆ ವಾಸ್ನೆ ಇರ್ತೈತೇನವ್ವಾ?" ಅಂದ.

"ನೀವು ಸುಮ್ಕಿರ್ರಿ ಭಾವ. ಹುಡುಗಿ ಜೀವನದ ಪ್ರಶ್ನೆ ಐತೆ."

ಹುಡುಗಿಯ ಜೀವನ ಅಂದ ಮೇಲೆ ಅಪ್ಪ ಏನು ಮಾತಾಡುತ್ತಾನೆ. ಬೀಡಿ ಹಚ್ಚಿಕೊಂಡ.

ಮನೆಯಲ್ಲಿದ್ದ ಕುರಿಗಳನ್ನು ಚಿಕ್ಕಪ್ಪನ ಹಟ್ಟಿಗೆ ಹೊಡೆದರು. ಕುರಿ ಕಟ್ಟುತ್ತಿದ್ದ ಕಡೆಯ ನೆಲವನ್ನು ಕೆರೆದು ಮಣ್ಣು ಹೊತ್ತು ಹಾಕಿ, ಹೊಸ ಮಣ್ಣು ಮೆತ್ತಿ, ಗೋಡೆಗೆಲ್ಲ ಸುಣ್ಣ ಬಳಿದರು. ನೆಲಕ್ಕೆ ಫಿನಾಯಿಲ್. ಮೂಲೆ ಮೂಲೆಗೆ ನುಸಿಗುಳಿಗೆ. ಕೊನೆಗೆ ಅವ್ವ ಅಪ್ಪನ ಕಂಬಳಿಗೆ ಕೈ ಹಾಕಿದಳು. ನಮ್ಮಲ್ಲಿ ಕಂಬಳಿಯನ್ನು ಒಗೆಯುವುದಿಲ್ಲ. ಬಿಸಿಲಿಗೆ ಹಾಕಿ, ಕೋಲಿನಿಂದ ಬಡಿದು, ಮತ್ತೆ ಹೊದೆಯುವುದು. ಒಗೆದರೆ ಕಂಬಳಿಯ ಗುಣ ಹೋಗುತ್ತದೆ ಎನ್ನುತ್ತಾರೆ. ಅವ್ವ ಅದನ್ನು ಅಂಟುವಾಳದ ನೀರಿನಲ್ಲಿ ನೆನೆಹಾಕಿ, ತುಳಿದು, ಎರಡು ಮುಚ್ಚಳ ಫಿನಾಯಿಲ್ ಸುರಿದು ಹಿಂಡಿದಳು. ಒಣಗಿದ ಮೇಲೆ ಸಾಂಬ್ರಾಣಿ ಹೊಗೆ ಹಿಡಿದಳು. ಅದೇ ಹೊಗೆಯಲ್ಲಿ ನನ್ನ ಕೂದಲನ್ನೂ ಆರಿಸಿದರು. ಕಂಬಳಿ ಒಂದು ಕಡೆ, ನಾನೊಂದು ಕಡೆ.

ನೋಡಲು ಬರುವ ದಿನ ಬೆಳಿಗ್ಗೆ ಚಿಕ್ಕಮ್ಮನ ಕಣ್ಣು ನಾಯಿಯ ಮೇಲೆ ಬಿತ್ತು. "ಇದೇ ಅಕ್ಕಾ ಎಲ್ಲದಕ್ಕೂ ಮೂಲ. ಇಡೀ ಕುರಿಹಟ್ಟಿ ಇದರ ಮೈ ಮೇಲೈತೆ" ಅಂದಳು. ಇಬ್ಬರೂ ಸೇರಿ ಅದಕ್ಕೆ ಬಿಸಿನೀರು ಹುಯ್ದು ಸೋಪು ಹಾಕಿ ತಿಕ್ಕಿದರು. ಆಮೇಲೆ ಉಣ್ಣಿ, ಚಿಗಟ ಎಲ್ಲಾ ಸಾಯಲಿ ಎಂದು ನೀಲಗಿರಿ ಎಣ್ಣೆಯ ಸೀಸೆಯನ್ನೇ ಬಗ್ಗಿಸಿದರು. ನೀರು ಬೆರೆಸಲಿಲ್ಲ, ಕೊಬ್ಬರಿ ಎಣ್ಣೆ ಬೆರೆಸಲಿಲ್ಲ. ಬೆನ್ನು, ಹೊಟ್ಟೆ, ಕಿವಿಯ ಹಿಂದೆ, ಮೂತಿಯ ಸುತ್ತ ಎಲ್ಲಾ ಹಚ್ಚಿದರು. ಅವರಿಗೆ ಅದು ಔಷಧಿ. ಕೈಕಾಲು ನೋವಿಗೆ ತಾವು ಹಚ್ಚಿಕೊಳ್ಳುತ್ತಿದ್ದುದನ್ನೇ ಅದಕ್ಕೂ ಹಚ್ಚಿದರು. ನಾಯಿಗೆ ಅದು ವಿಷವಾಗಬಹುದು ಅನ್ನುವುದು ನಮ್ಮೂರಲ್ಲಿ ಯಾರ ತಲೆಗೂ ಬರುವ ಮಾತಲ್ಲ. ಅದು ಸುಮ್ಮನೆ ನಿಂತು ಹಚ್ಚಿಸಿಕೊಂಡಿತು. ಬಿಟ್ಟ ಮೇಲೆ ಮೈಯೆಲ್ಲಾ ನೆಕ್ಕಿಕೊಳ್ಳಲು ಶುರು ಮಾಡಿತು. ಅಪ್ಪ ಆಗ ಹಿತ್ತಲಿನಲ್ಲಿ ಆ ಗುಲಾಬಿ ಸೋಪು ಹಾಕಿಕೊಂಡು ಸ್ನಾನ ಮಾಡುತ್ತಿದ್ದ. ಅವನಿಗೂ ತಲೆಗೆ ವಾಸನೆ ಎಣ್ಣೆ, ಹೊಸ ಪಂಚೆ, ಹೊಸ ಶರ್ಟು. ಚಿಕ್ಕಮ್ಮ ಅವನ ಕಾಲರಿಗೆ ಅತ್ತರನ್ನೂ ಸವರಿದಳು.

ಬೀಗರಾಗುವವರು ರೈಲಿನಲ್ಲಿ ರಾಮಗಿರಿ ಸ್ಟೇಷನ್ನಿಗೆ ಬಂದರು. ಅಲ್ಲಿಂದ ಗಾಡಿಯಲ್ಲಿ ಕರೆತಂದೆವು. "ಬರ್ರಿ, ಕುಂತ್ಕಳ್ರಿ" ಎಂದು ಅಪ್ಪ ಜಮಖಾನದ ಮೇಲೆ ಕೂರಿಸಿದ. ಯಾರೂ ಮೂಗು ಮುಚ್ಚಲಿಲ್ಲ. ಅವ್ವನ ಮುಖ ಅರಳಿತ್ತು. ನಾನು ತಟ್ಟೆ ಹಿಡಿದು ಒಳಗಿನಿಂದ ಬಂದಾಗ ನಾಯಿ ನಡುಮನೆಯಲ್ಲಿತ್ತು. ಬಾಯಿಂದ ಜೊಲ್ಲು ಸುರಿಯುತ್ತಿತ್ತು. ಕುರಿಯ ಗೋಡೆಯ ಹತ್ತಿರ ಹೋಗಿ ಮೂಸಿತು, ಸೀನಿತು, ಹಿಂದಕ್ಕೆ ಬಂತು. ಒಲೆಯ ಕಡೆ ಹೋಗಿ ಕಂಬಕ್ಕೆ ತಲೆ ಬಡಿಸಿಕೊಂಡಿತು. ಹತ್ತು ವರ್ಷಕ್ಕೂ ಮಿಕ್ಕಿ ತಿರುಗಾಡಿದ ಮನೆಯಲ್ಲಿ ಅದು ದಾರಿ ಕೇಳುವ ಪರ ಊರಿನವರ ಹಾಗೆ ನಿಂತಿತ್ತು. ಬೀಗರ ಪೈಕಿ ಯಾರೋ ನಕ್ಕರು.

ಆಮೇಲೆ ಅದು ಅಪ್ಪನ ಹತ್ತಿರ ಬಂತು. ಅವನ ಮಡಿಸಿದ ಕಾಲಿನ ಪಕ್ಕದಲ್ಲೇ ಬಂತು. ಮಂಡಿಯನ್ನು ಮೂಸಿತು, ಮೂತಿಯನ್ನು ನೆಲಕ್ಕೆ ಉಜ್ಜಿಕೊಂಡಿತು, ಹಾಗೇ ಮುಂದೆ ಹೋಯಿತು. ಜಗಲಿಯ ಕಂಬಳಿಯನ್ನೂ ಮೂಸಿ ಬಿಟ್ಟಿತು. ಮೆಟ್ಟಿಲಿನಲ್ಲಿ ಮುಗ್ಗರಿಸಿ ಬೀದಿಗಿಳಿಯಿತು. ಅಪ್ಪ ಅರ್ಧ ಎದ್ದ. ಅಷ್ಟರಲ್ಲಿ ಹುಡುಗನ ತಂದೆ, "ಮತ್ತೆ ಮುಂದಿನ ಮಾತು ಆಡಾಣ" ಅಂದರು. ಅಡುಗೆಮನೆ ಬಾಗಿಲಿನಿಂದ ಅವ್ವ ಅಪ್ಪನನ್ನೇ ನೋಡುತ್ತಿದ್ದಳು. ಅಪ್ಪ ಕೂತ. ಆ ಕೂತದ್ದಕ್ಕೆ ಅವನು ಸಾಯುವವರೆಗೂ ತನ್ನನ್ನು ಕ್ಷಮಿಸಿಕೊಳ್ಳಲಿಲ್ಲ. ಎದ್ದು ಹೋಗಿದ್ದರೆ ಸಂಬಂಧ ಮುರಿಯುತ್ತಿತ್ತೇನೋ. ಮುರಿದಿದ್ದರೆ ಮುರಿಯಲಿ ಎಂದು ಈಗ ಸುಲಭವಾಗಿ ಬರೆಯುತ್ತೇನೆ. ಆಗ ನಾನೂ ಒಳಗೆ ನಿಂತು ಅವನು ಏಳದಿರಲಿ ಎಂದೇ ಬೇಡಿಕೊಂಡಿದ್ದೆ.

ಮಾತು ಮುಗಿದು, ಎಲೆ ಅಡಿಕೆ ಬದಲಾಗಿ, ಅವರನ್ನು ರೈಲಿಗೆ ಕಳಿಸುವಷ್ಟರಲ್ಲಿ ಸಂಜೆಯಾಗಿತ್ತು. ಅಪ್ಪ ಮನೆಗೆ ಬರದೆ ಸ್ಟೇಷನ್ನಿನಿಂದಲೇ ಹುಡುಕುತ್ತಾ ಹೊರಟ. ಕೆರೆ ಏರಿ, ಕಣ, ಹೊಲದ ಬದು ಎಲ್ಲಾ ನೋಡಿ ಕತ್ತಲಾದ ಮೇಲೆ ಬರಿಗೈಯಲ್ಲಿ ಬಂದ. ಕೂಗಿದರೆ ಕೇಳುವ ನಾಯಿಯಲ್ಲ, ಕಂಡರೆ ಬರುವ ನಾಯಿಯಲ್ಲ. "ಎಲ್ಲಿಗೆ ಹೋಗ್ತೈತೆ, ಹಸಿವಾದ್ರೆ ಬರ್ತೈತೆ" ಎಂದು ಚಿಕ್ಕಮ್ಮ ಅಂದಾಗ ನನಗೆ ಮೈಯೆಲ್ಲಾ ಉರಿಯಿತು. "ಹೆಂಗೆ ಬರ್ತೈತೆ ಚಿಕ್ಕಮ್ಮ, ಮನೇನೇ ಇಲ್ವಲ್ಲ ಅದಕ್ಕೆ" ಅಂದೆ. ಅವಳಿಗೆ ಅರ್ಥವಾಗಲಿಲ್ಲ. ಅಪ್ಪ ಮಾತ್ರ ನನ್ನ ಕಡೆ ತಿರುಗಿ ನೋಡಿದ.

ಬೆಳಿಗ್ಗೆ ಚಿಕ್ಕಪ್ಪ ಬಂದ. "ಅಣ್ಣಾ, ನಿನ್ ನಾಯಿ ನಮ್ಮ ಹಟ್ಟಿ ತಾವ ಐತೆ. ಹೆಂಗೋ ಬಂದು ಬೇಲಿ ಒಳಗೆ ಬಿದ್ಕಂಡೈತೆ. ಮೈಯಲ್ಲಿ ಹುಷಾರಿಲ್ಲ" ಅಂದ. ಗಾಳಿಯಲ್ಲಿ ಕುರಿಯ ವಾಸನೆ ಸಿಕ್ಕಿ ಅಷ್ಟು ದೂರ ನಡೆದಿತ್ತು ಅದು. ಅಪ್ಪ ಕಂಬಳಿ ಹೆಗಲಿಗೆ ಹಾಕಿಕೊಂಡು ಹೊರಟ. "ಬಾ ಹೋಗಾಣ" ಎಂದು ನನ್ನನ್ನೂ ಕರೆದ. ನಿಶ್ಚಯವಾದ ಹುಡುಗಿ ಹೊರಗೆ ಹೋಗಬಾರದು ಎಂದು ಚಿಕ್ಕಮ್ಮ ಹೇಳುತ್ತಲೇ ಇದ್ದಳು. ನಾನು ಕೇಳಿಸಿಕೊಳ್ಳಲಿಲ್ಲ.

ನಾಯಿ ಮುಳ್ಳುಬೇಲಿಯ ಒಳಗೆ ಕುರಿಗಳ ನಡುವೆ ಬಿದ್ದಿತ್ತು. ಪಕ್ಕದಲ್ಲಿ ವಾಂತಿ. ಹಿಂಗಾಲಿಗೆ ಶಕ್ತಿ ಇರಲಿಲ್ಲ. ಮೈ ಇನ್ನೂ ನೀಲಗಿರಿ ನಾರುತ್ತಿತ್ತು. ಅಪ್ಪ ಮಂಡಿನೋವನ್ನೂ ಮರೆತು ಕುಕ್ಕರಗಾಲಿನಲ್ಲಿ ಕೂತು, "ಲೇ" ಎಂದು ಅದರ ತಲೆಯ ಮೇಲೆ ಕೈ ಇಟ್ಟ. ನಾಯಿ ಆ ಕೈಯನ್ನು ಮೂಸಿತು. ಮೂಸಿ ಹಲ್ಲು ಕಿರಿದು ಗುರ್ ಎಂದಿತು. ಅದು ಯಾವತ್ತೂ ಅಪ್ಪನ ಮೇಲೆ ಗುರ್ ಎಂದದ್ದಿಲ್ಲ.

ಅಪ್ಪ ಕೈಯನ್ನು ಹಿಂದಕ್ಕೆ ಎಳೆದುಕೊಂಡು ತನ್ನ ಮೂಗಿಗೆ ಹಿಡಿದು ನೋಡಿದ. ಆಗ ಅವನಿಗೆ ಹೊಳೆಯಿತು. ಕಂಬಳಿಯನ್ನು ತೆಗೆದು ಬೇಲಿಯಾಚೆ ಎಸೆದ. ಶರ್ಟು ಬಿಚ್ಚಿದ. ನೆಲದ ಮೇಲಿನ ಹಿಕ್ಕೆಯನ್ನು ಬಾಚಿ ಕೈಗೆ, ತೋಳಿಗೆ, ಎದೆಗೆ ತಿಕ್ಕಿಕೊಂಡ. ಒಂದು ಕುರಿಯನ್ನು ಎಳೆದು ಅದರ ತುಪ್ಪಟಕ್ಕೆ ಮುಖ ಉಜ್ಜಿದ. ಮತ್ತೆ ಹತ್ತಿರ ಹೋದ. ಸೋಪು, ಅತ್ತರು, ತಲೆಗೆ ಹಚ್ಚಿದ ಎಣ್ಣೆ ಅಷ್ಟು ಬೇಗ ಬಿಡುತ್ತವೆಯೇ. ನಾಯಿ ಮತ್ತೆ ಗುರ್ ಎಂದು, ಮುಂಗಾಲಿನಲ್ಲಿ ಮೈ ಎಳೆದುಕೊಂಡು ಅವನಿಂದ ದೂರ ಸರಿಯಿತು.

ಸರಿದು ಸರಿದು ಅದು ಚಿಕ್ಕಪ್ಪನ ಹತ್ತಿರ ಹೋಯಿತು. ಚಿಕ್ಕಪ್ಪ ಒಗೆಯದ ಕಂಬಳಿ ಹೊದ್ದು ನಿಂತಿದ್ದ. ನಾಯಿ ಅವನ ಪಾದವನ್ನು ಮೂಸಿತು. ಬಹಳ ಹೊತ್ತು ಮೂಸಿತು. ಆಮೇಲೆ ನಿಟ್ಟುಸಿರು ಬಿಟ್ಟು, ಅವನ ಎರಡೂ ಪಾದದ ಮೇಲೆ ತಲೆ ಇಟ್ಟು ಮಲಗಿತು. ಬಾಲ ಒಂದೆರಡು ಸಲ ನೆಲಕ್ಕೆ ಬಡಿಯಿತು.

ಚಿಕ್ಕಪ್ಪ ಗಾಬರಿಯಾಗಿ, "ಅಣ್ಣಾ, ನಾನಲ್ಲ ಅಂತ ಹೆಂಗೆ ಹೇಳಲಿ ಇದಕ್ಕೆ" ಎಂದು ಕಾಲು ತೆಗೆಯಲು ಹೋದ.

"ಅಲ್ಲಾಡಬ್ಯಾಡ" ಅಂದ ಅಪ್ಪ. "ಹಂಗೇ ನಿಂತ್ಕ. ನಾನೇ ಅನ್ಕಂಡೈತೆ ಅದು. ಅನ್ಕಳ್ಳಿ."

ಬಿಸಿಲು ಏರುವವರೆಗೂ ಚಿಕ್ಕಪ್ಪ ನಿಂತ ಕಡೆಯೇ ನಿಂತಿದ್ದ. ಅವನ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅಪ್ಪ ಅಷ್ಟು ದೂರದಲ್ಲಿ, ಗಾಳಿಗೆ ತನ್ನ ವಾಸನೆ ಹೋಗದ ಕಡೆ, ಮೈ ತುಂಬಾ ಹಿಕ್ಕೆ ಬಳಿದುಕೊಂಡು ಕೂತಿದ್ದ. "ಕುರಿಮರಿ ವಿಷ್ಯದಲ್ಲಿ ಗೊತ್ತಿತ್ತಲ್ಲವ್ವ ನಂಗೆ. ನಾಯಿ ವಿಷ್ಯದಲ್ಲಿ ಹೊಳೀಲೇ ಇಲ್ಲ" ಎಂದು ನನಗೆ ಹೇಳಿದ.  ನನ್ನ ಕೂದಲಿನಲ್ಲೂ ಸಾಂಬ್ರಾಣಿ ಇತ್ತು, ನಾನೂ ಅದರ ಹತ್ತಿರ ಹೋಗುವ ಹಾಗಿರಲಿಲ್ಲ. ನಾಯಿ ಅಲ್ಲೇ ಪ್ರಾಣ ಬಿಟ್ಟಿತು. ಅಣ್ಣತಮ್ಮ ಸೇರಿ ಜಾಲಿಗಿಡದ ಕೆಳಗೆ ಗುಂಡಿ ತೋಡಿದರು.

ಮನೆಗೆ ಬಂದಾಗ ಅವ್ವ ಬಾಗಿಲಲ್ಲೇ ನಿಂತಿದ್ದಳು. ಅಪ್ಪನ ಮೈ ನೋಡಿದ ಕೂಡಲೇ ಗೊತ್ತಾಯಿತು ಅವಳಿಗೆ. "ನಿಮ್ಮ ಗುರ್ತಾದ್ರೂ ಹಿಡೀತಾ?" ಎಂದು ಕೇಳಿದಳು. 

"ಹೂಂ. ಕಾಲ ಮೇಲೆ ತಲೆ ಇಟ್ಟು ಪ್ರಾಣ ಬಿಡ್ತು" ಅಂದ ಅಪ್ಪ. ಯಾರ ಕಾಲು ಅನ್ನಲಿಲ್ಲ. ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅದು ಸಮಾಧಾನದ ಅಳು ಎಂದು ನನಗೆ ಗೊತ್ತಾಯಿತು. ನಾನು ಬಾಯಿ ಬಿಡಲಿಲ್ಲ, ಚಿಕ್ಕಪ್ಪನೂ ಬಿಡಲಿಲ್ಲ.

ನನ್ನ ಮದುವೆಯಾಯಿತು. ಪನ್ನೀರುದಾನಿ ಹಿಡಿದು ಬಂದವರ ಮುಂದಿನಿಂದ ಅಪ್ಪ ಎದ್ದು ಹೋದ. ಕುರಿಮಂದೆಯ ಯಜಮಾನನ ಬಿಗುಮಾನ ಎಂದು ಜನ ಅಂದುಕೊಂಡರು. ಚಿತ್ರದುರ್ಗದಲ್ಲಿ ಸಂಸಾರ ಶುರುವಾಗಿ ಎಷ್ಟೋ ದಿನವಾದ ಮೇಲೆ ಒಂದು ಮಧ್ಯಾಹ್ನ ಅಕ್ಕಿ ಆರಿಸುತ್ತಾ ನನ್ನತ್ತೆ ಅಂದರು: "ಅಲ್ಲಾ ಕಣೇ, ಅವತ್ತು ನಿಮ್ಮನೆ ಫಿನಾಯಿಲ್ ವಾಸ್ನೆಗೆ ನಂಗೆ ಎರಡು ದಿನ ತಲೆನೋವು. ನಮ್ಮಾವ ಇರೋಗಂಟ ನಮ್ಮನೇಲೂ ಕಂಬಳಿ ವಾಸ್ನೇನೇ. ಅದು ಹೋದ್ಮೇಲೆ ಮನೆ ಬಿಕೋ ಅಂತಿತ್ತು. ನಿಮ್ಮನೇಲಿ ಸಿಗ್ತೈತೆ ಅನ್ಕಂಡು ಬಂದಿದ್ದೆ ನಾನು." ನಾನು ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟು ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ. ಈ ಮಾತನ್ನು ಅವ್ವನಿಗೆ ನಾನು ಹೇಳಲಿಲ್ಲ. ಹೇಳಿದ್ದರೆ ಅವಳು ಉಳಿಯುತ್ತಿರಲಿಲ್ಲ.

ಆ ದಶಕದ ಕೊನೆಗೆ ಅಪ್ಪನ ಕಣ್ಣಿಗೂ ಪೊರೆ ಬಂತು. ಆಪರೇಷನ್ನಿಗೆಂದು ಕರೆತಂದು ನಮ್ಮ ಮನೆಯಲ್ಲೇ ಇಟ್ಟುಕೊಂಡಿದ್ದೆ. ಹೊದೆಯುತ್ತಿದ್ದುದು ಚಿಕ್ಕಪ್ಪ ಕೊಟ್ಟ ಕಂಬಳಿ. ಒಂದು ಸಂಜೆ ನನ್ನ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ತೋಳ ಓಡಿಸಿದ ನಾಯಿಯ ಕತೆ ಹೇಳುತ್ತಿದ್ದ. ನಾನು ಒಳಗೆ ರೊಟ್ಟಿ ತಟ್ಟುತ್ತಿದ್ದೆ. ಕತೆಯ ಕೊನೆಗೆ, "ಆಮೇಲೆ ಮುದಿಯಾಗಿ, ನನ್ನ ಕಾಲ ಮೇಲೇ ತಲೆ ಇಟ್ಟು ಹೋಯ್ತು ಕಣವ್ವ. ಬಾಲ ಅಲ್ಲಾಡಿಸ್ತು" ಎಂದದ್ದು ಕೇಳಿಸಿತು. ಮಗುವಿಗೆ ಹೇಳುವ ಕತೆ ಎಂದು ನಾನು ಸುಮ್ಮನಿದ್ದೆ. ಸ್ವಲ್ಪ ಹೊತ್ತಿನ ಮೇಲೆ ಅವನು ನನ್ನನ್ನು ಕರೆದ. ಬಾಗಿಲಿಗೆ ಬಂದೆ. ಪೊರೆ ಬಂದ ಕಣ್ಣನ್ನು ನನ್ನ ದನಿಯ ಕಡೆ ತಿರುಗಿಸಿ, "ನನ್ನ ಕಾಲ ಮೇಲೇ ಅಲ್ವೇನವ್ವ? ನೀನೂ ಇದ್ದೆಯಲ್ಲ. ನೀನು ನೋಡ್ದೆಯಲ್ಲ" ಅಂದ.

ಅವನು ಕತೆಗಾಗಿ ಕೇಳುತ್ತಿರಲಿಲ್ಲ. ನಿಜವಾಗಿ ಕೇಳುತ್ತಿದ್ದ.

"ಹೂಂ ಕಣಪ್ಪ. ನಿನ್ನ ಕಾಲ ಮೇಲೇ. ನಾನು ನೋಡ್ದೆ" ಅಂದೆ.

ಅವನು ತಲೆಯಾಡಿಸಿ ಕಂಬಳಿಯನ್ನು ಪಾದದ ಮೇಲೆ ಎಳೆದುಕೊಂಡ. ನಾನು ಒಳಗೆ ಹೋಗಿ ಹೆಂಚಿನ ಮೇಲೆ ಸೀಯುತ್ತಿದ್ದ ರೊಟ್ಟಿಯನ್ನು ತಿರುವಿ ಹಾಕಿದೆ.